ಹಂದಿಜ್ವರದ ವರ್ಷ ನನ್ನ ಮಗಳಿಗೆ ಬಂದ ಬರೀ ನೆಗಡಿ

ಆ ವರ್ಷ ಬೆಂಗಳೂರಿನಲ್ಲಿ ಇದ್ದದ್ದು ಒಂದೇ ಕಾಯಿಲೆ. ಮಿಕ್ಕ ಕಾಯಿಲೆಗಳೆಲ್ಲ ರಜೆ ಹಾಕಿ ಊರಿಗೆ ಹೋಗಿವೆ ಎಂದು ಜನ ನಂಬಿಬಿಟ್ಟಿದ್ದರು. ಟೀವಿಯಲ್ಲಿ ಹಂದಿಜ್ವರ, ಪೇಪರಿನಲ್ಲಿ ಹಂದಿಜ್ವರ, ಸೊಪ್ಪು ಮಾರುವವಳ ಬಾಯಲ್ಲೂ ಹಂದಿಜ್ವರ. 2009ರ ಆಗಸ್ಟ್ ತಿಂಗಳು. ನನ್ನ ಮಗಳು ಪುಟ್ಟಿಗೆ ಆಗ ಹತ್ತು ತಿಂಗಳು. ಬಿಟಿಎಂ ಲೇಔಟಿನಿಂದ ಜಯನಗರಕ್ಕೆ ಹೋಗುವ ಬಸ್ಸಿನಲ್ಲಿ ಅವಳು ಒಂದೇ ಒಂದು ಸಲ ಕೆಮ್ಮಿದಳು. ಮುಂದಿನ ಸೀಟು, ಹಿಂದಿನ ಸೀಟು, ಪಕ್ಕದ ಸೀಟು ಮೂರೂ ಖಾಲಿಯಾದವು. ಕಂಡಕ್ಟರ್ ದೂರದಿಂದಲೇ ಕೈ ಚಾಚಿ ಟಿಕೆಟ್ ಕೊಟ್ಟು, "ಮೇಡಂ, ಮಗೂಗೆ ಮಾಸ್ಕ್ ಹಾಕ್ಸಿ" ಎಂದ. ತಲೆಯ ಮೇಲೆ ಕುಲಾವಿಯನ್ನೇ ಎರಡು ನಿಮಿಷ ಇಟ್ಟುಕೊಳ್ಳದ ಕೂಸಿಗೆ ಮಾಸ್ಕು! ನಾನು ಬಾಯಿಬಿಟ್ಟು ಉತ್ತರ ಕೊಟ್ಟಿದ್ದರೆ ಅವನ ಕಿವಿಗೆ ಒಳ್ಳೆಯದಾಗುತ್ತಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಮಗಳಿಗೆ ಬಂದದ್ದು ಹಂದಿಜ್ವರ ಅಲ್ಲ. ಪ್ರತಿ ಮಳೆಗಾಲ, ಪ್ರತಿ ಚಳಿಗಾಲ ಸಾವಿರಾರು ಕೂಸುಗಳಿಗೆ ಬರುವ ಒಂದು ಸಾಮಾನ್ಯ ವೈರಸ್. ದೊಡ್ಡವರಿಗೆ ಬಂದರೆ ಮೂಗು ಸೋರುತ್ತದೆ, ಅಷ್ಟೇ. ಕೂಸಿನ ಎದೆಗೆ ಇಳಿದರೆ ಮಾತ್ರ ಮನೆಮಂದಿಯ ಜೀವ ಬಾಯಿಗೆ ಬರುತ್ತದೆ. ಆ ಕಾಯಿಲೆಗೆ ಪೇಪರಿನಲ್ಲಿ ಜಾಗವಿರಲಿಲ್ಲ, ಕೌಂಟರಿರಲಿಲ್ಲ, ಯಾರ ಬಾಯಲ್ಲೂ ಹೆಸರಿರಲಿಲ್ಲ. ಅಂಥ ಹೆಸರಿಲ್ಲದ ಕಾಯಿಲೆಯ ಕೂಸನ್ನು ಎತ್ತಿಕೊಂಡು ಬಾಗಿಲಿಂದ ಬಾಗಿಲಿಗೆ ಅಲೆದ ತಾಯಂದಿರು ಬೇರೆಯವರೂ ಇದ್ದೇ ಇರುತ್ತಾರೆ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ಇದರಲ್ಲಿ ನಾನು ಮಾಡಿದ ತಪ್ಪೂ ಇದೆ, ಅದನ್ನೂ ಬರೆಯುತ್ತೇನೆ.

ನಾವು ಗದಗದ ಕಡೆಯವರು. ನನ್ನ ಗಂಡ ಪ್ರಕಾಶ ಒಂದು ಖಾಸಗಿ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕಿದ್ದರು. ಬಿಟಿಎಂನಲ್ಲಿ ನೆಲಮಹಡಿಯ ಎರಡು ಕೋಣೆಯ ಬಾಡಿಗೆ ಮನೆ. ಓನರ್ ಮುನಿರತ್ನಮ್ಮ ಮೇಲಿನ ಮಹಡಿಯಲ್ಲಿದ್ದರು. ಆ ಜಾಗ ಲೇಔಟ್ ಆಗುವ ಮೊದಲು ಅದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಮೂರು ಅಂತಸ್ತು ಕಟ್ಟಿಸಿ, ಪ್ರತಿ ಬಚ್ಚಲಿಗೂ ಗೀಸರ್ ಹಾಕಿಸಿದ್ದರೂ ಹಿತ್ತಲಿನ ಹಂಡೆ ಒಲೆಯನ್ನು ಮಾತ್ರ ಬಿಟ್ಟಿರಲಿಲ್ಲ. ನನಗೂ ಅವರಿಗೂ ಯಾವುದರಲ್ಲೂ ಸರಿಬರುತ್ತಿರಲಿಲ್ಲ. ನಮ್ಮ ಜೋಳದ ರೊಟ್ಟಿ ಬಡಿಯುವ ಸದ್ದು ಅವರಿಗೆ ತಲೆನೋವು, ಅವರು ಸಾರಿಗೆ ಹಾಕುವ ಮಸಾಲೆಯ ಘಾಟು ನನಗೆ ತಲೆನೋವು.

ಒಂದು ವಿಷಯದಲ್ಲಿ ಮಾತ್ರ ಗದಗಕ್ಕೂ ಬಿಟಿಎಂಗೂ ಪೂರ್ತಿ ಒಪ್ಪಿಗೆ ಇತ್ತು. ಕೂಸಿಗೆ ಎಣ್ಣೆ ಹಚ್ಚಿ ಎರೆದ ಮೇಲೆ ಹೊಗೆ ಹಿಡಿಯಬೇಕು. ನಮ್ಮ ಕಡೆ ಅದು ಲೋಬಾನ, ಇವರ ಕಡೆ ಸಾಂಬ್ರಾಣಿ. ಕೆಂಡದ ಮೇಲೆ ಪುಡಿ ಉದುರಿಸುವುದು, ಹೊಗೆ ಏಳುತ್ತಲೇ ಕೂಸನ್ನು ಅದರ ಮೇಲೆ ಅಡ್ಡಡ್ಡ ಹಿಡಿದು ತಲೆ, ಬೆನ್ನು, ಎದೆ ಕಾಯಿಸುವುದು. ನನ್ನನ್ನು ಹಾಗೇ ಬೆಳೆಸಿದರು, ಪ್ರಕಾಶರನ್ನೂ ಹಾಗೇ ಬೆಳೆಸಿದರು. ಪುಟ್ಟಿಗೆ ವಾರಕ್ಕೊಮ್ಮೆ ಎಣ್ಣೆನೀರಿನ ದಿನ ನಾನೂ ಹಿಡಿಯುತ್ತಿದ್ದೆ. ಕೆಂಡ ಮುನಿರತ್ನಮ್ಮನ ಹಂಡೆ ಒಲೆಯದು, ಲೋಬಾನ ಅವ್ವ ಗದಗದಿಂದ ಕಳಿಸಿದ್ದು.

ಪುಟ್ಟಿಗೆ ನೆಗಡಿ ಆದದ್ದು ಒಂದು ಸೋಮವಾರ. ಮೂಗು ಸೋರಿತು, ಸಣ್ಣಗೆ ಕೆಮ್ಮು ಬಂತು, ಮೈ ಸ್ವಲ್ಪ ಬೆಚ್ಚಗಾಯಿತು. ಅವ್ವನಿಗೆ ಫೋನ್ ಮಾಡಿದೆ.

"ಹೊಗಿ ಹಿಡಿದಿ ಏನ್?" ಎಂದು ಕೇಳಿದಳು.

"ಆದಿತ್ವಾರ ಹಿಡಿದಿದ್ನವಾ."

"ಆದಿತ್ವಾರದ್ದು ಯಾತಕ್ಕ ಸಾಲ್ತದ? ನೆಗಡಿ ಇದ್ದಾಗ ಎರಡೂ ಹೊತ್ತು ಹಿಡೀಬೇಕು. ಎದಿಯಾನ ಕಫ ಎಲ್ಲಾ ಒಣಗಿ ಹೋಗ್ತದ."

ಮುನಿರತ್ನಮ್ಮನಿಗೆ ಅಷ್ಟೂ ಹೇಳಬೇಕಾಗಿರಲಿಲ್ಲ. ಟೀವಿಯಲ್ಲಿ ವೈರಸ್ಸು ಗಾಳಿಯಲ್ಲೇ ಇದೆ ಎಂದು ಕೇಳಿದ ದಿನದಿಂದ ಅವರು ಬೆಳಿಗ್ಗೆ ಸಂಜೆ ಧೂಪದ ಬಟ್ಟಲು ಹಿಡಿದು ಇಡೀ ಮನೆ ಸುತ್ತುತ್ತಿದ್ದರು. ನಮ್ಮ ಬಾಗಿಲಿಗೂ ಬಂದರು.

"ತೊಗೊಳಮ್ಮ ಕೆಂಡ. ಸಾಂಬ್ರಾಣಿ ಜೊತೆಗೆ ಒಂಚೂರು ಬೇವಿನೆಲೇನೂ ಹಾಕು. ಈ ಹೊಗೆ ಮುಂದೆ ಯಾವ ಹಂದಿಜ್ವರಾನೂ ನಿಂತ್ಕೊಳ್ಳಲ್ಲ."

ನಾನು ಹಾಕಿದೆ. ಎರಡೂ ಹೊತ್ತು, ಬಾಗಿಲು ಕಿಟಕಿ ಮುಚ್ಚಿ, ಹೊಗೆ ಹೊರಗೆ ಹೋಗದಂತೆ ಜೋಪಾನವಾಗಿ.

ಬುಧವಾರದ ಹೊತ್ತಿಗೆ ಪುಟ್ಟಿಯ ಉಸಿರಿನಲ್ಲಿ ಸಣ್ಣ ಸಿಳ್ಳೆ ಕೇಳತೊಡಗಿತು. ನಮ್ಮ ರಸ್ತೆಯ ಕ್ಲಿನಿಕ್ಕಿಗೆ ಓಡಿದೆ. ಬಾಗಿಲಿಗೆ ಕಾಗದ ಅಂಟಿಸಿದ್ದರು: "ಜ್ವರ, ಕೆಮ್ಮು ಇರುವವರು ಹೊರಗೇ ನಿಲ್ಲಿ." ಜ್ವರ, ಕೆಮ್ಮು ಇಲ್ಲದವರು ಆ ಕ್ಲಿನಿಕ್ಕಿಗೆ ಯಾಕೆ ಬರುತ್ತಾರೆ ಎಂದು ಕೇಳಬೇಕೆನಿಸಿತು. ಮಳೆ ಜಿನುಗುತ್ತಿತ್ತು. ಮುಕ್ಕಾಲು ಗಂಟೆ ಪಕ್ಕದ ಜೆರಾಕ್ಸ್ ಅಂಗಡಿಯ ಶೀಟಿನ ಕೆಳಗೆ ನಿಂತೆ. ಕೊನೆಗೆ ಡಾಕ್ಟರು ಬಾಗಿಲಿಗೆ ಬಂದರು. ಎರಡು ಮಾಸ್ಕು, ಅದರ ಮೇಲೆ ಕನ್ನಡಕ. ಸ್ಟೆತಾಸ್ಕೋಪು ಕುತ್ತಿಗೆಯಲ್ಲೇ ಇತ್ತು, ಕೆಳಗೆ ಇಳಿಯಲಿಲ್ಲ.

"ಟೆಸ್ಟ್ ಮಾಡಿಸ್ಕೊಂಡ್ ಬನ್ನಿ ಮೊದ್ಲು."

"ಎದಿ ಒಂದ್ಸಲ ನೋಡ್ರಿ ಡಾಕ್ಟ್ರೇ, ಸಿಳ್ಳೆ ಹೊಡದಂಗ ಆಗ್ಲಿಕತ್ತದ."

"ಟೆಸ್ಟ್ ಆಗ್ದೆ ನಾನ್ ಮುಟ್ಟೋ ಹಾಗಿಲ್ಲಮ್ಮ."

ಸರಿ, ಟೆಸ್ಟಿಗೆ ಹೋದೆವು. ನಾನು, ಪ್ರಕಾಶ, ಪುಟ್ಟಿ. ಮೊದಲ ಆಟೋದವನು ಕೆಮ್ಮು ಕೇಳುತ್ತಲೇ "ಗ್ಯಾಸ್ ಇಲ್ಲ ಸಾರ್" ಎಂದ. ಎರಡನೆಯವನು ಬಂದ, ಆದರೆ ದಾರಿಯುದ್ದಕ್ಕೂ ತಲೆಯನ್ನು ಹೊರಗೆ ಹಾಕಿಕೊಂಡೇ ಓಡಿಸಿದ. ಸರ್ಕಾರಿ ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಒಳಗೆ ಒಂದು ಮೇಜು, ಹೊರಗೆ ಗೇಟಿನ ತನಕ ಸಾಲು. ಶೀತ ಇರುವವರು, ಇಲ್ಲದವರು, ಆಫೀಸಿನವರು ಸರ್ಟಿಫಿಕೇಟ್ ತರಲು ಕಳಿಸಿದವರು ಎಲ್ಲರೂ ಒಬ್ಬರ ಬೆನ್ನಿಗೊಬ್ಬರು ಅಂಟಿ ನಿಂತಿದ್ದೆವು. ಹಂದಿಜ್ವರ ಇಲ್ಲದವರಿಗೂ ಅಲ್ಲಿ ಅಂಟಿಸಿಕೊಂಡು ಹೋಗಲು ಒಳ್ಳೆಯ ಏರ್ಪಾಡಿತ್ತು. ಎರಡು ಗಂಟೆಯ ನಂತರ ಮೇಜಿನ ಹಿಂದಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು.

"ಮನೇಗೆ ಯಾರಾದ್ರೂ ಹೊರಗಡೆಯಿಂದ ಬಂದಿದ್ರಾ?"

"ನಮ್ಮ ಮಾವನವರು ಬಂದಿದ್ರು," ಎಂದರು ಪ್ರಕಾಶ.

"ಯಾವ ದೇಶದಿಂದ?"

"ಗದಗದಿಂದ್ರಿ."

ಅವಳು ಪೆನ್ನು ಕೆಳಗಿಟ್ಟಳು. ಹಿಂದೆ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಹೆಗಲ ಮೇಲಿದ್ದ ಪುಟ್ಟಿ ಹಾಲು ಬೇಡವೆಂದು ಬೆಳಗಿನಿಂದ ಮುಖ ತಿರುಗಿಸುತ್ತಿದ್ದಳು. ಆ ಹುಡುಗಿ ಏನೋ ಯೋಚಿಸಿ, ಮಗು ಚಿಕ್ಕದು ಎಂದು ಕನಿಕರಪಟ್ಟು ಗಂಟಲಿನಿಂದ ಸ್ಯಾಂಪಲ್ ತೆಗೆಸಿದಳು. ರಿಪೋರ್ಟ್ ನಾಲ್ಕೈದು ದಿನಕ್ಕೆ ಬರುತ್ತದಂತೆ. ಅಲ್ಲಿಯವರೆಗೆ ಏನು ಮಾಡಬೇಕು ಎಂದು ಕೇಳಿದೆ. "ಮನೇಲೇ ಇಟ್ಕೊಳ್ಳಿ, ಯಾರ ಹತ್ರಾನೂ ಬಿಡ್ಬೇಡಿ" ಎಂದಳು. ಪ್ರಕಾಶ ಈ ವಿಷಯವನ್ನು ಪ್ರಾಮಾಣಿಕವಾಗಿ ಆಫೀಸಿಗೆ ಹೇಳಿದರು. ಆಫೀಸಿನವರು ಏಳು ದಿನ ಇತ್ತ ಮುಖ ಹಾಕಬೇಡಿ ಎಂದರು.

ಗುರುವಾರ ಜೆಪಿ ನಗರದಲ್ಲಿ ಒಬ್ಬ ಮಕ್ಕಳ ಡಾಕ್ಟರು ಸಿಕ್ಕರು. ಅವರೂ ಮಾಸ್ಕಿನ ಹಿಂದೆಯೇ ಇದ್ದರು, ಆದರೆ ಪುಣ್ಯಾತ್ಮರು ಎದೆಗೆ ಸ್ಟೆತಾಸ್ಕೋಪು ಇಟ್ಟರು. ಆ ಸಿಳ್ಳೆಗೆ ವೀಸಿಂಗ್ ಎನ್ನುತ್ತಾರೆ ಎಂದರು. ಮೂಗಿಗೆ ಪುಟ್ಟ ಬಟ್ಟಲಿನಂಥದ್ದು ಹಿಡಿದು ಔಷಧದ ಆವಿ ಕೊಡಿಸಿದರು. ನೆಬುಲೈಸರ್ ಎಂಬ ಆ ಯಂತ್ರದ ಗರಗರ ಸದ್ದಿಗೆ ಅವಳು ಎಷ್ಟು ಅತ್ತಳೆಂದರೆ ಕಾಯುತ್ತಿದ್ದ ಬೇರೆ ಮಕ್ಕಳೂ ಶುರು ಮಾಡಿದವು. ಆಮೇಲೆ ಸಿಳ್ಳೆ ಕಡಿಮೆಯಾಯಿತು, ಹಾಲೂ ಕುಡಿದಳು.

"ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ?" ಎಂದು ಕೇಳಿದರು.

"ಇಲ್ರಿ. ನಮ್ಮ ಮನಿತನದಾಗ ಯಾರೂ ಮುಟ್ಟೂದಿಲ್ಲ." ನಾನು ಹೆಮ್ಮೆಯಿಂದಲೇ ಹೇಳಿದೆ.

ಸಂಜೆ ಮನೆಗೆ ಬಂದು ಬಿಸಿನೀರಲ್ಲಿ ಮೈ ಒರೆಸಿ ಹೊಗೆ ಹಿಡಿದೆ. ಶುಕ್ರವಾರ ಬೆಳಿಗ್ಗೆ ಸಿಳ್ಳೆ ಮತ್ತೆ ಜೋರಾಗಿತ್ತು. ಮತ್ತೆ ಜೆಪಿ ನಗರ, ಮತ್ತೆ ಯಂತ್ರ, ಮತ್ತೆ ಸ್ವಲ್ಪ ಆರಾಮ. ಸಂಜೆ ಮತ್ತೆ ಕೆಂಡ. ಶನಿವಾರ ಇನ್ನೂ ಜೋರು. ಡಾಕ್ಟರಿಗೂ ಬೇಸರ ಬಂದಿತ್ತು. "ಇಲ್ಲಿ ಸರಿ ಹೋಗುತ್ತೆ, ಮನೆಗೆ ಹೋದ್ರೆ ಹೆಚ್ಚಾಗುತ್ತೆ, ಏನ್ ಮಾಡ್ತೀರಿ ನೀವು ಮನೇಲಿ? ನಾಯಿ ಇದ್ಯಾ? ಗೋಡೆಗೆ ಬೂಷ್ಟು ಹಿಡಿದಿದ್ಯಾ?" ಎಂದರು. ನಾಯಿ ಇರಲಿಲ್ಲ. ಬೂಷ್ಟು ಇತ್ತು. ಎಲ್ಲ ತಪ್ಪನ್ನೂ ಬೂಷ್ಟಿನ ತಲೆಗೆ ಕಟ್ಟಿ ಪ್ರಕಾಶ ಶನಿವಾರ ಮಧ್ಯಾಹ್ನ ಇಡೀ ಗೋಡೆ ಉಜ್ಜಿದರು. ಹೊಗೆಯ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ಮುಚ್ಚಿಟ್ಟೆ ಅಂತಲ್ಲ. ಊಟ ಮಾಡಿದೆವು, ಸ್ನಾನ ಮಾಡಿದೆವು ಎಂದು ಡಾಕ್ಟರಿಗೆ ಯಾರು ಹೇಳುತ್ತಾರೆ? ಹೊಗೆಯೂ ನನಗೆ ಹಾಗೇ. ಅದು ಮದ್ದಿನ ಪಕ್ಷದ್ದು ಎಂದು ನಾನು ತಿಳಿದಿದ್ದೆ.

ಭಾನುವಾರ ಬೆಳಿಗ್ಗೆ ಪುಟ್ಟಿ ಅಳಲಿಲ್ಲ. ಅದನ್ನು ನೋಡಿ ನನಗೆ ನಿಜವಾದ ಹೆದರಿಕೆ ಆಯಿತು. ಅಳಲೂ ಅವಳಲ್ಲಿ ಉಸಿರಿರಲಿಲ್ಲ. ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು, ಪಕ್ಕೆಲುಬಿನ ನಡುವಿನ ಚರ್ಮ ಪ್ರತಿ ಉಸಿರಿಗೂ ಒಳಕ್ಕೆ ಹೋಗುತ್ತಿತ್ತು. ತುಟಿಯ ಸುತ್ತ ಬಣ್ಣ ಬೇರೆಯಾಗಿತ್ತು.

"ರೀ, ಪಕ್ಕಿ ಎಳೀಲಿಕತ್ತಾವು ನೋಡ್ರಿ," ಎಂದೆ.

ಪ್ರಕಾಶ ಅಂಗಿಯ ಗುಂಡಿ ಹಾಕಿಕೊಳ್ಳದೆ ರಸ್ತೆಗೆ ಓಡಿದರು. ಮುನಿರತ್ನಮ್ಮನ ಮಗ ಅವರ ಕಾರು ತೆಗೆದ. ಅವನೊಬ್ಬ ಆ ವಾರವಿಡೀ ನಮ್ಮನ್ನು ಕಂಡು ಮೂಗು ಮುಚ್ಚಿಕೊಳ್ಳಲಿಲ್ಲ. ಅವನ ಋಣ ನನ್ನ ಮೇಲಿದೆ.

ಜಯನಗರದ ನರ್ಸಿಂಗ್ ಹೋಮಿನಲ್ಲಿ ಮೊದಲು ಕೇಳಿದ್ದು ಟೆಸ್ಟ್ ರಿಪೋರ್ಟ್. ಬಂದಿಲ್ಲ ಎಂದೆವು. ಹಾಗಾದರೆ ಇಲ್ಲಿ ಆಗುವುದಿಲ್ಲ ಎಂದರು. ನಾನು ಪುಟ್ಟಿಯನ್ನು ರಿಸೆಪ್ಷನ್ ಮೇಜಿನ ಮೇಲೆ, ಅವರ ರಿಜಿಸ್ಟರಿನ ಮೇಲೆಯೇ ಮಲಗಿಸಿ, ಅಂಗಿ ಮೇಲೆತ್ತಿ ಎದೆ ತೋರಿಸಿದೆ. "ರಿಪೋರ್ಟ್ ಬರೂತನಕ ಉಸಿರು ಹಿಡಕೊಂಡಿರು ಅಂತ ನೀವಽ ಹೇಳ್ರಿ ಇಕಿಗೆ" ಎಂದೆ. ಇಡೀ ಹಾಲ್ ಕೇಳುವಷ್ಟು ಜೋರಾಗಿ ಹೇಳಿದ್ದೆನೆಂದು ಪ್ರಕಾಶ ಈಗಲೂ ಹೇಳುತ್ತಾರೆ. ಒಳಗಿನಿಂದ ವಯಸ್ಸಾದ ಮಕ್ಕಳ ಡಾಕ್ಟರೊಬ್ಬರು ಬಂದು, ಒಮ್ಮೆ ನೋಡಿ, ತಾವೇ ಎತ್ತಿಕೊಂಡು ಹೋದರು.

ಕೊನೆಯ ಕೋಣೆಯಲ್ಲಿ ನಮ್ಮನ್ನು ಬೇರೆ ಇಟ್ಟರು. ಪುಟ್ಟಿಯ ತಲೆಯ ಮೇಲೆ ಪಾರದರ್ಶಕ ಡಬ್ಬಿಯಂಥದ್ದು ಕವುಚಿ, ಅದರೊಳಗೆ ಆಮ್ಲಜನಕ ಬಿಟ್ಟರು. ಪುಟ್ಟಿ ಅದರೊಳಗಿಂದ ನನ್ನನ್ನು ನೋಡುತ್ತಿದ್ದಳು. ನಾನು ಮುಟ್ಟಬಹುದಾಗಿದ್ದದ್ದು ಅವಳ ಕಾಲನ್ನು ಮಾತ್ರ. ಅಡ್ಮಿಶನ್ ಫಾರಂ ತುಂಬಿಸಿಕೊಂಡ ನರ್ಸು ಕೇಳಿದಳು: "ಸಿಗರೇಟ್ ಹ್ಯಾಬಿಟ್ ಇರೋರು ಯಾರಾದ್ರೂ?" ಇಲ್ಲ ಎಂದೆ. ಡಾಕ್ಟರೂ ಅದನ್ನೇ ಕೇಳಿದರು. ಇಲ್ಲ ಎಂದೆ. ಎಷ್ಟು ಸಲ ಹೇಳಬೇಕು ಇವರಿಗೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಆ ಕೋಣೆಗೆ ಬರುವವರೆಲ್ಲ ಮೂಗು ಬಾಯಿ ಬಿಗಿದುಕೊಂಡೇ ಬರುತ್ತಿದ್ದರು, ಬಂದ ಕೆಲಸ ಮುಗಿಸಿ ಓಡುತ್ತಿದ್ದರು. ಸರೋಜಮ್ಮ ಒಬ್ಬಳು ಮಾತ್ರ ನಿಧಾನ. ಅವಳು ಅಲ್ಲಿನ ಆಯಾ, ಯಡಿಯೂರಿನವಳು. ಮಾಸ್ಕಿನ ಸ್ಟಾಕ್ ಖಾಲಿಯಾಗಿ ಆಯಾಗಳಿಗೆ ಕೊಟ್ಟಿರಲಿಲ್ಲ. ಅವಳು ಕರ್ಚೀಫು ಕಟ್ಟಿಕೊಂಡು ಬಂದು, ಎರಡು ಸಲ ನೆಲ ಒರೆಸುವಷ್ಟರಲ್ಲಿ ಸೆಕೆ ಎಂದು ಅದನ್ನು ಕುತ್ತಿಗೆಗೆ ಇಳಿಸುತ್ತಿದ್ದಳು. ಸೋಮವಾರ ಬೆಳಿಗ್ಗೆ ಪುಟ್ಟಿಯ ಕೆಳಗಿನ ಬಟ್ಟೆ ಬದಲಿಸಲು ಬಂದು, ನಾನು ಮನೆಯಿಂದ ತಂದಿದ್ದ ದುಪ್ಪಟಿಯನ್ನು ಎತ್ತಿದಳು. ಮೂಗಿಗೆ ಹಿಡಿದು ನೋಡಿದಳು.

"ಏನಮ್ಮಾ ಇದು, ಮಗೂನ ದೇವಸ್ಥಾನದಿಂದ ಸೀದಾ ಕರ್ಕೊಂಡ್ ಬಂದ್ರಾ? ಸಾಂಬ್ರಾಣಿ ಘಮ್ ಅಂತೈತೆ."

"ದಿನಾ ಎರಡೂ ಹೊತ್ತು ಹೊಗಿ ಹಿಡೀತಿದ್ನಿ," ಎಂದೆ.

"ಉಬ್ಬಸದ ಮಗೀಗಾ?" ಅವಳು ದುಪ್ಪಟಿ ಕೆಳಗಿಡಲಿಲ್ಲ. "ಡಾಕ್ಟ್ರಿಗೆ ಹೇಳಿದ್ರಾ ಇದ್ನ?"

"ಅವರು ಕೇಳಿಲ್ಲಲ್ಲ."

ಸರೋಜಮ್ಮ ನನ್ನ ಮುಖ ನೋಡಿದಳು, ದುಪ್ಪಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಐದು ನಿಮಿಷದಲ್ಲಿ ಡಾಕ್ಟರು ಬಂದರು. ದುಪ್ಪಟಿ ಅವರ ಕೈಯಲ್ಲಿತ್ತು, ಮಾಸ್ಕು ಗಲ್ಲಕ್ಕೆ ಇಳಿದಿತ್ತು. ಅವರಿಗೆ ಮೂಗು ಇದೆಯೆಂದು ನನಗೆ ಗೊತ್ತಾದದ್ದೇ ಆಗ.

"ಹೊಗೆ ಬಗ್ಗೆ ಕೇಳಿದ್ನಲ್ಲಮ್ಮ ನಿಮ್ಮನ್ನ?"

"ಸಿಗರೇಟ್ ಬಗ್ಗೆ ಕೇಳಿದ್ರಿ ಡಾಕ್ಟ್ರೇ."

"ಬಾಗಿಲು ಮುಚ್ಕೊಂಡು ಹಿಡೀತಿದ್ರಾ?"

"ಹೂಂ ರಿ."

ಅವರು ಕುರ್ಚಿ ಎಳೆದು ಕುಳಿತರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ತುಂಬ ಸಮಾಧಾನದಿಂದ ಹೇಳಿದರು: "ಹೊಗೆಯಿಂದ ಈ ಕಾಯಿಲೆ ಬಂದಿದ್ದಲ್ಲಮ್ಮ. ವೈರಸ್ ಬಂದಿತ್ತು, ತನ್ನ ಪಾಡಿಗೆ ವಾರದಲ್ಲಿ ಹೋಗ್ತಿತ್ತು ಅನ್ಸುತ್ತೆ. ಒಳಗಿನ ಸಣ್ಣ ಕೊಳವೆಗಳು ಮೊದಲೇ ಊದ್ಕೊಂಡಿದ್ವು. ಅದರ ಮೇಲೆ ನೀವು ದಿನಾ ಎರಡ್ಸಲ ಹೊಗೆ ತುಂಬಿಸಿದ್ರಿ. ಯಂತ್ರ ತೆಗೆದಿದ್ದನ್ನ ಕೆಂಡ ಮತ್ತೆ ಹಾಕ್ತು."

ಅವರು ಹೋದ ಮೇಲೆ ನಾನು ಪುಟ್ಟಿಯ ಕಾಲು ಹಿಡಿದುಕೊಂಡು ಅತ್ತೆ. ಕಂಡಕ್ಟರನಿಂದ ಹಿಡಿದು ರಿಸೆಪ್ಷನ್ನಿನವರ ತನಕ ಎಲ್ಲರ ಮೇಲೂ, ಬಾಯಲ್ಲಲ್ಲದಿದ್ದರೆ ಮನಸ್ಸಿನಲ್ಲಾದರೂ, ಹರಿಹಾಯ್ದಿದ್ದೆ. ಒಬ್ಬಳು ಉಳಿದಿದ್ದಳು, ನಾನೇ. ಆ ಕೋಪ ಇಂದಿಗೂ ಪೂರ್ತಿ ಇಳಿದಿಲ್ಲ.

ಮಂಗಳವಾರ ಡಬ್ಬಿ ತೆಗೆದು ಸಣ್ಣ ನಳಿಕೆ ಹಾಕಿದರು. ಬುಧವಾರ ಅದನ್ನೂ ತೆಗೆದರು. ಪುಟ್ಟಿ ಇಡೀ ಕೋಣೆ ಹಾರಿಹೋಗುವಂತೆ ಅತ್ತಳು, ಸರೋಜಮ್ಮ ಬಾಗಿಲಲ್ಲಿ ನಿಂತು "ಅಳು ಕಂದಾ, ಸಖತ್ತಾಗಿ ಅಳು" ಎಂದಳು. ಅಂದೇ ಟೆಸ್ಟ್ ರಿಪೋರ್ಟೂ ಬಂತು, ನೆಗೆಟಿವ್. ಫೋನಿನ ಮೇಲೆ ಫೋನು. "ಅಬ್ಬ, ಏನೂ ಇಲ್ವಂತಲ್ಲ!" "ಬರೀ ನೆಗಡಿನಾ? ಸುಮ್ನೆ ಹೆದರಿಸಿಬಿಟ್ರಿ." ಪ್ರಕಾಶರ ಆಫೀಸಿನವರು ಅಭಿನಂದನೆ ಹೇಳಿ ನಾಳೆಯೇ ಬನ್ನಿ ಎಂದರು. ಮೂರು ದಿನ ಆಮ್ಲಜನಕದಲ್ಲಿದ್ದ ಕೂಸಿಗೆ ಏನೂ ಇಲ್ಲ! ಫೋನನ್ನು ಗೋಡೆಗೆ ಎಸೆಯದೆ ಉಳಿದದ್ದು ಆ ವಾರದ ನನ್ನ ದೊಡ್ಡ ಸಾಧನೆ.

ಮನೆಗೆ ಬಂದು ಮುನಿರತ್ನಮ್ಮನಿಗೆ ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವರು ನಂಬಲಿಲ್ಲ. "ನಮ್ಮನೇಲಿ ನಾಕು ತಲೆಮಾರು ಇದೇ ಹೊಗೇಲಿ ಬೆಳ್ದಿರೋದು ಕಣಮ್ಮ" ಎಂದು ಮುಖ ಊದಿಸಿಕೊಂಡು ಮೇಲೆ ಹೋದರು. ಆದರೂ ಮಾರನೆಯ ದಿನದಿಂದ ಧೂಪದ ಬಟ್ಟಲು ನಮ್ಮ ಮೆಟ್ಟಿಲ ಕಡೆ ಬರಲಿಲ್ಲ.

ಶನಿವಾರ ಗದಗದಿಂದ ಅವ್ವ ಬಂದಳು. ಕೈಕಾಲು ತೊಳೆದು, ಪುಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು, "ಎಷ್ಟ್ ಸೊರಗ್ಯದ ನನ್ನ ಬಂಗಾರ" ಎಂದಳು. ಹಿಂದೆಯೇ, "ಒಂದೀಟು ಕೆಂಡ ಇಸ್ಕೊಂಡ್ ಬಾ ಮ್ಯಾಲಿನವರ ಕಡೆ" ಎಂದಳು. ನನಗೆ ಇದ್ದಬದ್ದ ಸಿಟ್ಟೆಲ್ಲ ಒಮ್ಮೆಗೇ ನೆತ್ತಿಗೇರಿತು.

"ಸಾಕ್ ಮಾಡವಾ ನಿನ್ನ ಹೊಗಿ! ಆ ಹೊಗಿಯಿಂದಽ ಕೂಸು ಇಷ್ಟು ಸಾಯಬಿದ್ದದ್ದು. ಡಾಕ್ಟ್ರು ಖುದ್ದು ಹೇಳ್ಯಾರ. ಉಸಿರಿನ ತ್ರಾಸ ಇದ್ದ ಕೂಸಿಗೆ ಹೊಗಿ ಹಿಡಿದ್ರ ವಿಷ ಇದ್ದಂಗಂತ."

ವಿಷ ಎಂದು ಡಾಕ್ಟರು ಹೇಳಿರಲಿಲ್ಲ. ಅದು ನಾನು ಸೇರಿಸಿದ್ದು. ಅವ್ವ ತಿರುಗಿ ಬೈಯುತ್ತಾಳೆಂದು ಕಾದೆ. ಅವಳು ಪುಟ್ಟಿಯ ಬೆನ್ನು ಸವರತೊಡಗಿದಳು. ಸವರುತ್ತಲೇ ಕೇಳಿದಳು.

"ಪಕ್ಕಿ ಎಳೀತಿದ್ವು ಏನು ಇಕಿಗೆ?"

"ಹೂಂ."

"ಮೂಗು ಅರಳ್ತಿತ್ತೇನು?"

"ಹೂಂ ಅವಾ."

"ನಿಮ್ಮಣ್ಣಗೂ ಹಿಂಗಽ ಆಗಿತ್ತು."

ನನಗಿಂತ ಮೊದಲು ಒಂದು ಗಂಡುಮಗು ಹುಟ್ಟಿ, ಎಂಟು ತಿಂಗಳಿಗೆ ತೀರಿಕೊಂಡಿತೆಂದು ನನಗೆ ಸೋದರತ್ತೆ ಎಂದೋ ಹೇಳಿದ್ದಳು. ಅವ್ವನ ಬಾಯಿಂದ ಅವನ ಸುದ್ದಿ ನಾನು ಕೇಳಿದ್ದು ಅದೇ ಮೊದಲು.

"ಶೀತ ಆಗಿತ್ತು ಅವಗ. ಎಲ್ಲಾರೂ ಹೊಗಿ ಹಿಡಿ, ಹೊಗಿ ಹಿಡಿ ಅಂದ್ರು. ಹಿಡಿದೆ. ಕಡಿಮಿ ಆಗ್ಲಿಲ್ಲಂತ ಇನ್ನಷ್ಟು ಹಿಡಿದೆ. ಆರು ದಿನ ಹಿಡಿದೆ." ಅವ್ವ ಪುಟ್ಟಿಯ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು. "ಹಂಗಾದ್ರ ಅವ ಹೋಗಿದ್ದು ಹೊಗಿಯಿಂದಽ ಏನು?"

ಎರಡು ವಾರ ನಾನು ಗೊತ್ತಿಲ್ಲದೆ ಮಾತಾಡುವವರನ್ನೆಲ್ಲ ಬೈದಿದ್ದೆ. ನೋಡದೆ, ಕೇಳದೆ ಹೇಳಿಬಿಡುತ್ತಾರೆಂದು ಹಲ್ಲು ಕಡಿದಿದ್ದೆ.

"ಇಲ್ಲವಾ," ಎಂದೆ. "ಅವಂದು ಬ್ಯಾರೆ. ಹುಟ್ಟತಾನ ಅವಗ ಹೃದಯದಾಗ ತೊಂದ್ರಿ ಇತ್ತಂತ. ಅತ್ತಿ ಹೇಳಿದ್ದನ್ನ ಹೇಳಿ ನಾ ಡಾಕ್ಟ್ರಿಗೆ ಎಲ್ಲಾ ಕೇಳೇನಿ."

"ಖರೇನ?"

"ಖರೇನಽ ಅವಾ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಪುಟ್ಟಿಗೆ ಹಾಲು ತಾ ಎಂದಳು. ನಾನು ತಂದುಕೊಟ್ಟೆ. ಅಣ್ಣನ ಬಗ್ಗೆ ನಾನು ಯಾವ ಡಾಕ್ಟರನ್ನೂ ಕೇಳಿರಲಿಲ್ಲ, ಇವತ್ತಿಗೂ ಕೇಳಿಲ್ಲ.